ಬಳಸಿದ ಉಪಕರಣ

ಪ್ರೀತಿಯ ಅಪ್ಪನಿಗೆ,

ನಿನ್ನ ಕಾಗದ ಸಿಕ್ಕಿತು. ಗಾಡಿಗಳೇ ದೀಪ ಹೊತ್ತಿಸಿಕೊಂಡು ತಮ್ಮ ಕಾಯಿಲೆ ಹೇಳುವ ಕಾಲದಲ್ಲಿ ನನ್ನಂಥ ಮೆಕ್ಯಾನಿಕ್ ಯಾರಿಗೆ ಬೇಕು, ಗ್ಯಾರೇಜು ಮುಚ್ಚುತ್ತೇನೆ ಅಂತ ಬರೆದಿದ್ದೀಯ. ಸ್ವಲ್ಪ ತಡಿ.

ನಮ್ಮ ದೇಶದಲ್ಲಿ ಓಡುವ ಕಾರೇ ಈ ಪರದೇಶದಲ್ಲೂ ಓಡುತ್ತೆ, ನಾನು ಕೆಲಸ ಮಾಡುವ ಗ್ಯಾರೇಜಿಗೂ ಬರುತ್ತೆ. ಆದರೆ ಇಲ್ಲಿನ ಹೊಗೆ ಕಾನೂನು ಬಲು ಬಿಗಿ. ಟ್ಯಾಂಕಿನಿಂದ ಚೂರು ಪೆಟ್ರೋಲ್ ಆವಿ ಸೋರಿದರೂ ಇಂಜಿನ್ ದೀಪ ಹೊತ್ತಿಕೊಳ್ಳುತ್ತೆ. ಅಲ್ಲಿ ಅಷ್ಟಕ್ಕೆಲ್ಲ ಹೊತ್ತಿಕೊಳ್ಳುವುದಿಲ್ಲ. ಆ ದೀಪದ ಕೆಲಸವನ್ನು ನಿನ್ನ ಮೂಗೇ ಮಾಡುತ್ತಿತ್ತು. ಯಾವ ಗಾಡಿ ಬಂದರೂ ನೀನು ಮೊದಲು ಟ್ಯಾಂಕಿನ ಮುಚ್ಚಳ ಮೂಸುತ್ತಿದ್ದೆ, ನಾನು ನಗುತ್ತಿದ್ದೆ.

ನಿನ್ನೆ ಒಂದು ಕಾರಿನ ದೀಪ ಆರಲೇ ಇಲ್ಲ. ಆವಿ ಸೋರುತ್ತಿದೆ ಅಂತ ತಪಾಸಣೆಯ ಯಂತ್ರ ಹೇಳಿತು, ಎಲ್ಲಿ ಅಂತ ಹೇಳಲಿಲ್ಲ. ಇಲ್ಲಿನ ಮೂವರು ಮೆಕ್ಯಾನಿಕ್‌ಗಳು ಬೆಳಗಿನಿಂದ ಕಾರಿನಡಿ ಮಲಗಿ ಪೈಪು ತಡಕಿದರು. ನಾನು ಹೋಗಿ ಮುಚ್ಚಳ ಮೂಸಿದೆ. ಅದರೊಳಗಿನ ರಬ್ಬರ್ ಉಂಗುರ ಬಿರುಕು ಬಿಟ್ಟಿತ್ತು.

ಇಲ್ಲಿನ ವರದಿಯಲ್ಲಿ ‘ಬಳಸಿದ ಉಪಕರಣ’ ಅಂತ ಒಂದು ಕಾಲಂ ಇದೆ. ‘ಅಪ್ಪನ ಮೂಗು’ ಅಂತ ಬರೆದೆ. ಯಜಮಾನರು ಎರಡು ಸಲ ಓದಿ, ಹೊಡೆದುಹಾಕದೆ ಸಹಿ ಮಾಡಿದರು.

ನಾನು ಬರುವವರೆಗೆ ಬೋರ್ಡು ಇಳಿಸಬೇಡ. ನೆಗಡಿ ಮಾಡಿಕೊಳ್ಳಬೇಡ.

ನಿನ್ನ ಮಗಳು