ನಿನ್ನ ಅಣ್ಣ ಬುಕ್ ಮಾಡಿದ ಹಿಮ

ಪ್ರೀತಿಯ ಪುಟ್ಟಿಗೆ,

ಸಂಜೆ ಐದು ಗಂಟೆ. ಬೆಳಗಿನಿಂದ ಹಿಮದ ಮೇಲೆ ಬೀಳುವುದು, ಏಳುವುದು, ಇಷ್ಟೇ ಕೆಲಸ. ನಿನ್ನ ಅಣ್ಣ ಬೇಸಿಗೆಯಲ್ಲೇ ಫ್ಯಾನಿನ ಕೆಳಗೆ ಬೆವರುತ್ತ ಕೂತು, ಇಬ್ಬರಿಗೂ ಅರ್ಧ ಬೆಲೆಗೆ ಈ ಹಿಮದಲ್ಲಿ ಜಾರುವ ಪಾಠ ಬುಕ್ ಮಾಡಿ ಮೀಸೆ ತಿರುವಿದ್ದರಲ್ಲ, ಬೆಲೆ ಯಾಕೆ ಅರ್ಧ ಎಂದು ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು. ಈ ವಾರ ಗುಡ್ಡದ ಒಂದು ಪಕ್ಕಕ್ಕೆ ಮಾತ್ರ ಹಿಮ, ಇನ್ನೊಂದು ಪಕ್ಕ ಬರೀ ಹುಲ್ಲು. ಕಾಲಿಗೆ ಸ್ಕೀ ಕಟ್ಟಿಕೊಂಡು ನಾನು ಜಾರಿದ್ದು ಹುಲ್ಲಿನ ಕಡೆಗೇ. ಅವರಿದ್ದಿದ್ದರೆ, "ಹುಲ್ಲಿಗೆ ಬೇರೆ ದುಡ್ಡು ಕೇಳಲಿಲ್ಲವಲ್ಲ, ಸುಮ್ಮನಿರೇ" ಎನ್ನುತ್ತಿದ್ದರು.

ಪಾಠ ಮುಗಿದ ಮೇಲೆ ಕಲಿಸುವ ಮೇಷ್ಟ್ರು, "ಹೆಸರು ಎರಡಿದೆ, ಇನ್ನೊಬ್ಬರೆಲ್ಲಮ್ಮ?" ಎಂದರು. ತೀರಿಕೊಂಡರು ಎಂದೆ. ಕೈಯಲ್ಲಿದ್ದ ಪಟ್ಟಿ ಮಡಚಿ, "ಅವರ ಪಾಠದ ದುಡ್ಡು ವಾಪಸ್ ಬರಲ್ಲ. ಅದನ್ನೂ ನೀವೇ ಕಲಿತುಬಿಡಿ" ಎಂದರು. ನಾಳೆಯೇ ಮನೆಗೆ ಹೊರಟುಬಿಡೋಣ ಎಂದುಕೊಂಡಿದ್ದೆ ಕಣೇ. ಆದರೆ ಕಟ್ಟಿದ ದುಡ್ಡು ಹಾಗೇ ಬಿಟ್ಟು ಬಂದರೆ ನಿನ್ನ ಅಣ್ಣ ನನ್ನನ್ನು ಬಿಟ್ಟಾರೆಯೇ? ಹೂಂ ಎಂದೆ.

ಮಂಡಿ ಊದಿದೆ, ಮುರಿದಿಲ್ಲ. ಈ ಕಾರ್ಡು ಅಮ್ಮನ ಕೈಗೆ ಸಿಗದ ಹಾಗೆ ನೋಡಿಕೋ. ಜಾಗ ಮುಗಿಯಿತು. ಅವರ ಪಾಠ ನಾಳೆ ಬೆಳಿಗ್ಗೆ ಒಂಬತ್ತಕ್ಕೆ.

ನಿನ್ನ ಅತ್ತಿಗೆ