ತಿರುಗುಸೇತುವೆಯೂ ಕದಿರಣ್ಣನ ನೋಟೀಸೂ

ಮಾನ್ಯ ಕಾರ್ಯಪಾಲಕ ಇಂಜಿನಿಯರ್ ಅವರೇ,

ಹೋದ ಅಕ್ಟೋಬರಿನಲ್ಲಿ ತಮ್ಮ ಸೇತುವೆ ನನ್ನನ್ನೂ ನನ್ನ ಅತ್ತೆಯನ್ನೂ ಮೂರು ಗಂಟೆ ಕಾಲ ತುಂಬಿದ ಪೆನ್ನೆ ಹೊಳೆಯ ನಡುವೆ ನಿಲ್ಲಿಸಿತು. ಅದಕ್ಕೆ ತಾವು ನೋಟೀಸು ಕೊಟ್ಟಿರುವುದು ಕದಿರಣ್ಣನಿಗೆ. ಈ ಕುರಿತು ತೆಲುಗಿನಲ್ಲಿ ಮೂರು ಅರ್ಜಿ ಕೊಟ್ಟೆ, ಉತ್ತರ ಬರಲಿಲ್ಲ. ಭಾಷೆಯ ತೊಂದರೆಯಿರಬಹುದೆಂದು ಈ ಸಲ ಕನ್ನಡದಲ್ಲಿ, ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ರೊದ್ದಂ ಕಡೆಯ ಹಳ್ಳಿಗಳಿಂದ ಹಿಂದೂಪುರದ ಮಾರುಕಟ್ಟೆಗೆ ರೇಷ್ಮೆಗೂಡು ಸಾಗಿಸುವ ಲಗೇಜ್ ಆಟೋ ನನ್ನದು. ದಾರಿಯಲ್ಲಿರುವ ನಮ್ಮ ಕಬ್ಬಿಣದ ಸೇತುವೆಯ ನಡುಭಾಗ ಒಂದೇ ಕಂಬದ ಮೇಲೆ ತಿರುಗುತ್ತದೆ. ಹೊಳೆ ಬಂದಾಗ ಅದನ್ನು ನೀರಿನ ಉದ್ದಕ್ಕೆ ತಿರುಗಿಸಿಟ್ಟರೆ, ತೇಲಿಬರುವ ಮರಗಳು ಬಡಿಯುವುದಿಲ್ಲ. ಕಟ್ಟಿದವರು ಬುದ್ಧಿವಂತರು, ಒಪ್ಪುತ್ತೇನೆ. ಆಮೇಲೆ ಬಂದವರ ಬಗ್ಗೆಯೇ ಈ ಪತ್ರ. ಬೋಲ್ಟುಗಳಿರಬೇಕಾದಲ್ಲಿ ಊರವರು ತಂತಿ ಬಿಗಿದಿದ್ದಾರೆ. ಜೋರಾಗಿ ಹೋದರೆ ಮೇಲೆ ಹಾಸಿದ ತಗಡುಗಳು ಹಿಂದಿನಿಂದ ಎದ್ದು ನಿಲ್ಲುತ್ತವೆ. ನಿಧಾನವಾಗಿ ಹೋದರೆ ಸಂದಿಯಲ್ಲಿ ನೀರು ಕಾಣುತ್ತದೆ. ಯಾವ ಗೇರಿನಲ್ಲಿ ಹೋಗಬೇಕೆಂದು ತಮ್ಮ ಇಲಾಖೆಯ ಸಲಹೆಯೇನು? ಅಲ್ಲಿ ಹೊಸದಾಗಿರುವುದು 'ಸುರಕ್ಷಿತ ಪ್ರಯಾಣ' ಎಂಬ ಫಲಕವೊಂದೇ.

ಅದನ್ನು ತಿರುಗಿಸುವವನು ಕದಿರಣ್ಣ. ನಿವೃತ್ತಿಯಾಗಿ ಮೂರು ವರ್ಷವಾಯಿತು. ತಾವು ಬೇರೆಯವರನ್ನು ನೇಮಿಸಲಿಲ್ಲ, ಅವನೂ ಬರುವುದನ್ನು ಬಿಡಲಿಲ್ಲ. ಎರಡೂ ಕಣ್ಣಿಗೆ ಪೊರೆ. ಸೇತುವೆ ಮೇಲೆ ಗಾಡಿಯಿದೆಯೆಂದು ತಿಳಿಸುವ ಕೆಂಪು ದೀಪ ಕೆಟ್ಟು ಆರು ವರ್ಷ.

ಆ ದಿನ ಬೆಳಿಗ್ಗೆ ಹೊಳೆಯ ಮೇಲ್ಭಾಗದಲ್ಲಿ ಮಳೆಯಾಗಿ ನೀರು ಏರುತ್ತಿತ್ತು. 'ತಕ್ಷಣ ತಿರುಗಿಸು' ಎಂದು ತಮ್ಮ ಕಚೇರಿಯಿಂದ ಫೋನ್ ಬಂತು. ದಡದ ಕಾವಲುಗೂಡಿನಲ್ಲಿದ್ದ ಕದಿರಣ್ಣ ಹಿಡಿಕೆ ತಿರುವಿದ. ಆಗ ನಾನು ನಡುಭಾಗದ ಮೇಲಿದ್ದೆ. ಪಕ್ಕದಲ್ಲಿದ್ದ ನಮ್ಮತ್ತೆ ರಂಗಲಕ್ಷ್ಮಮ್ಮ ನನ್ನ ಚಾಲನೆಯನ್ನು ಎಂದೂ ನಂಬಿದವರಲ್ಲ.

"ಯಾಕಮ್ಮಿ ಎಡಕ್ಕೆ ತಿರುಗಿಸ್ತೀಯ?" ಎಂದರು.

"ನಾನಲ್ಲತ್ತೆ, ಸೇತುವೆ ತಿರುಗ್ತೈತೆ."

"ನಿನ್ ತಪ್ಪೆಲ್ಲ ಸೇತುವೆ ಮೇಲೆ ಹಾಕ್ಬೇಡ ಕಣಮ್ಮ."

ಹಾರ್ನ್ ಒತ್ತಿದೆ. ಯಾರೋ ದಾಟಲಾಗದೆ ದಡದಲ್ಲಿ ಗೊಣಗುತ್ತಿದ್ದಾರೆಂದುಕೊಂಡು ಕದಿರಣ್ಣ ಇನ್ನೂ ಬಿರುಸಾಗಿ ತಿರುವಿದ. ಅರ್ಧ ತಿರುಗಿದಾಗ ಹಿಡಿಕೆಯಿಂದ ಸೇತುವೆಗೆ ಹೋಗುವ ಸರಪಳಿ ತುಂಡಾಯಿತು. ನಮ್ಮ ಮುಂದೆಯೂ ಹಿಂದೆಯೂ ರಸ್ತೆ ಇರಲಿಲ್ಲ. ಕೆಳಗೆ ಕೆಂಪು ನೀರು. ಮರವೊಂದು ಬಂದು ಕಂಬಕ್ಕೆ ಬಡಿದಾಗ ಆಟೋ ಸಮೇತ ನಡುಗಿದೆವು. ಅತ್ತೆ ನನ್ನ ಕೈ ಹಿಡಿದುಕೊಂಡರು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅದೇ ಮೊದಲು.

ತಮ್ಮ ಕಚೇರಿಗೆ ಫೋನ್ ಮಾಡಿದೆ. "ಬ್ರಿಡ್ಜ್ ಓಪನಾ, ಕ್ಲೋಜಾ?" ಎಂದರು. ಅರ್ಧ ಎಂದೆ. "ರಿಜಿಸ್ಟರ್‌ಲೋ ಅರ್ಧಕ್ಕೆ ಕಾಲಂ ಲೇದಮ್ಮಾ, ಸರಿಗ್ಗಾ ಚೂಸಿ ಚೆಪ್ಪು," ಎಂದು ಇಟ್ಟರು. ಸರಿಯಾಗಿ ನೋಡಿಯೇ ಹೇಳಿದ್ದೆ ಸ್ವಾಮಿ. ಅದಕ್ಕಿಂತ ಸರಿಯಾಗಿ ನೋಡಲು ನೀರಿಗೇ ಇಳಿಯಬೇಕಿತ್ತು.

ತಾನು ಮಾಡಿದ್ದು ತಿಳಿದ ಕೂಡಲೇ ಕದಿರಣ್ಣ ಊರಿಗೆ ಓಡಿದ. ಬಾವಿಯ ಹಗ್ಗಗಳು ಬಂದವು, ಜೊತೆಗೆ ಮೂವತ್ತು ಜನ. ಟ್ರಾಕ್ಟರಿನ ಅಂಜಿ ಹಗ್ಗಕ್ಕೆ ಕಲ್ಲು ಕಟ್ಟಿ ಎಸೆದ. ಐದನೇ ಸಲ ನನಗೆ ಸಿಕ್ಕಿತು. ಕಂಬಿಗೆ ಬಿಗಿದೆ. ಎಲ್ಲರೂ ಸೇರಿ ಎಳೆದರು. ತಮ್ಮ ಸೇತುವೆ ಕಿರುಗುಟ್ಟುತ್ತ ಮೊಳ ಮೊಳವಾಗಿ ರಸ್ತೆಗೆ ಬಂದು ಕೂಡಿತು. ನಾವು ಇಳಿದಾಗ, ಹಗ್ಗ ಎಳೆದ ಕದಿರಣ್ಣನ ಅಂಗೈ ಸುಲಿದು ರಕ್ತ ಬರುತ್ತಿತ್ತು. "ನಂಗೆ ಕಾಣ್ಲಿಲ್ಲ ತಾಯಿ," ಎಂದ. ಅತ್ತೆ ಸೆರಗು ಹರಿದು ಅವನ ಕೈಗೆ ಕಟ್ಟಿದರು.

ವಾರದಲ್ಲಿ ನೋಟೀಸು ಬಂತು: ನೌಕರನಲ್ಲದ ವ್ಯಕ್ತಿ ಸರ್ಕಾರಿ ಯಂತ್ರ ಮುಟ್ಟಿದ ಅಪರಾಧ. ಹಾಗಾದರೆ ಫೋನಿನಲ್ಲಿ ಅಪ್ಪಣೆ ಕೊಟ್ಟವರು ಯಾರಿಗೆ ಕೊಟ್ಟರು? ಅಂದಿನಿಂದ ಅವನು ಹೊಳೆಯ ಕಡೆ ಬರುತ್ತಿಲ್ಲ. ಊರವರು ತಂತಿಯಲ್ಲಿ ಬೆಸೆದ ಸರಪಳಿಯ ಹಿಡಿಕೆ ಈಗ ಯಾರ ಕೈಯಲ್ಲೂ ಇಲ್ಲ.

ಆದ್ದರಿಂದ ನೋಟೀಸು ಹಿಂತೆಗೆದುಕೊಳ್ಳಿ. ಹೊಸ ಸರಪಳಿ, ಉರಿಯುವ ದೀಪ, ಕಣ್ಣು ಕಾಣುವ ನೌಕರ, ಇಷ್ಟು ಮುಂದಿನ ಮಳೆಯೊಳಗೆ ಬೇಕು. ಸೇತುವೆ ಸುಭದ್ರವಾಗಿದೆ ಎಂದು ತಾವು ಪತ್ರಿಕೆಗೆ ಹೇಳಿದ್ದನ್ನು ಓದಿದೆ. ನನಗೆ ಸಂಶಯವಿಲ್ಲ. ಹೊಳೆ ಬಂದ ದಿನ ಮನೆಯವರನ್ನೂ ಕರೆದುಕೊಂಡು ಬನ್ನಿ, ದಾಟಿಸುತ್ತೇನೆ.

ಇಂತಿ,
ಲೈಸೆನ್ಸು, ಇನ್ಶೂರೆನ್ಸು ಎಲ್ಲವೂ ಸರಿಯಿದ್ದು, ಈಜು ಮಾತ್ರ ಬಾರದ
ಪದ್ಮಲತಾ, ಲಗೇಜ್ ಆಟೋ ಚಾಲಕಿ