ಸೋಮವಾರದ ತಾರೀಖು

ದಿನಾಂಕ: ೧೪ ಮಾರ್ಚ್, ಮಂಗಳವಾರ

೧. ಪತ್ರ ಬರೆಯುವವನು: ನಿನ್ನ ತಂದೆ, ನ್ಯಾಯಾಲಯದ ನಕಲು ವಿಭಾಗದಲ್ಲಿ ಮೂವತ್ತೊಂದು ವರ್ಷ ತೀರ್ಪುಗಳನ್ನು ಕೈಬರಹದಲ್ಲಿ ನಕಲು ಮಾಡಿ ನಿವೃತ್ತನಾದವನು.
೨. ಪತ್ರ ಪಡೆಯುವವಳು: ಮಗಳು, ವಕೀಲೆ, ವಾರಕ್ಕೊಮ್ಮೆ ಪತ್ರಿಕೆಯಲ್ಲಿ ತೀರ್ಪುಗಳ ವಿಮರ್ಶೆ ಬರೆಯುವವಳು.
೩. ವಿಷಯ: ಇದೇ ನಾಲ್ಕನೇ ತಾರೀಖಿನ ನಿನ್ನ ಅಂಕಣ.
೪. ವಿಳಂಬ: ಹತ್ತು ದಿನ. ಕಾರಣವನ್ನು ಕೆಳಗೆ ಅರಿಕೆ ಮಾಡಿಕೊಂಡಿದ್ದೇನೆ, ಮನ್ನಿಸತಕ್ಕದ್ದು.

ಚಿರಂಜೀವಿ ಮಗಳಿಗೆ,

ನಾವಿಬ್ಬರೂ ಕ್ಷೇಮ. ನಿನ್ನ ಅಮ್ಮನ ಮಂಡಿನೋವು ಇಳಿದಿದೆ, ಮಾತು ಇಳಿದಿಲ್ಲ. “ನನ್ನ ತಂದೆ ಒಂದು ನಕಲನ್ನೂ ಒಂದು ದಿನವೂ ತಡಮಾಡಿದವರಲ್ಲ” ಎಂದು ನೀನು ಬರೆದದ್ದನ್ನು ಅಕ್ಕಪಕ್ಕದವರಿಗೆಲ್ಲ ಓದಿ ಹೇಳಿ ಬಂದು, “ಮಗಳು ಪೇಪರಲ್ಲಿ ಹೊಗಳಿದಾಳೆ, ನೀವು ನೋಡಿದ್ರೆ ಕಹಿ ಔಷಧಿ ಕುಡಿದವರ ಹಾಗೆ ಮುಖ ಮಾಡ್ಕೊಂಡು ಕೂತಿದೀರಲ್ಲ!” ಎಂದಳು.

ಒಂದು ದಿನ ತಡವಾದ ಮೇಲ್ಮನವಿಯನ್ನು ಮೇಲಿನ ನ್ಯಾಯಾಲಯವು ಮೊನ್ನೆ ತಳ್ಳಿಹಾಕಿದ್ದು ಸರಿಯೆಂದು ನೀನು ವಾದಿಸಿರುವೆ. ಅದಕ್ಕೆ ಆಧಾರವಾಗಿ ಆ ನ್ಯಾಯಾಲಯವೂ ನೀನೂ ಎತ್ತಿಕೊಂಡಿರುವುದು ಇಪ್ಪತ್ತಾರು ವರ್ಷದ ಹಿಂದಿನ ತೀರ್ಪನ್ನು. ಹೊಲಿಗೆ ಕೆಲಸದ ಹೆಂಗಸೊಬ್ಬಳು ಮೇಲ್ಮನವಿ ಒಂದು ದಿನ ತಡವಾಯಿತೆಂದು ತನ್ನ ಎರಡು ಕೋಣೆಯ ಮನೆ ಕಳೆದುಕೊಂಡ ಪ್ರಕರಣ. “ಗಡುವು ಮುಗಿಯುವವರೆಗೆ ಆಕೆ ಕೈಕಟ್ಟಿ ಕುಳಿತಿದ್ದಳು” ಎಂಬುದು ನಿನ್ನ ವಾಕ್ಯ.

ಆಕೆ ಕುಳಿತಿರಲಿಲ್ಲ, ಮಗಳೇ. ನನ್ನ ಮೇಜಿನ ಮುಂದೆ ನಿಂತಿದ್ದಳು.

ಕೆಳಗಿನ ನ್ಯಾಯಾಲಯದ ತೀರ್ಪಿನ ನಕಲಿಗಾಗಿ ಕಾದ ದಿನಗಳನ್ನು ಮೇಲ್ಮನವಿಯ ಗಡುವಿಗೆ ಹಿಡಿಯುವುದಿಲ್ಲವೆಂದು ನೀನು ಬಲ್ಲೆ. ನಕಲು ಸಿದ್ಧವಾಯಿತೆಂದು ನಾವು ಬರೆದ ತಾರೀಖಿನಿಂದ ಎಣಿಕೆ ಮುಂದುವರಿಯುತ್ತದೆ. ಆಕೆಗೆ ಸೋಮವಾರ ಕೊಡುವುದೆಂದು ಪುಸ್ತಕದಲ್ಲಿ ಬರೆದಿತ್ತು. ಆ ಸಂಜೆ ಒಂಬತ್ತನೇ ಪುಟದ ಮೇಲೆ ಶಾಯಿ ಬಿತ್ತು. ಪಕ್ಕದ ಮೇಜಿನ ಗುಮಾಸ್ತ, “ಹೊಡೆದುಹಾಕಿ ಪಕ್ಕದಲ್ಲಿ ಸಹಿ ಹಾಕಿ ಕೊಟ್ಬಿಡಿ ಸಾರ್, ಇದೇನು ನಿಮ್ಮ ಮಗಳ ಮದುವೆ ಕಾಗದಾನಾ?” ಎಂದ. ನನ್ನ ನಕಲಿನಲ್ಲಿ ಚಿತ್ತು ಇರುವುದುಂಟೇ? “ನಾಳೆ ಬಾಮ್ಮಾ” ಎಂದು ಆಕೆಯನ್ನು ಕಳಿಸಿ, ಹಾಳೆ ಹರಿದು, ಹೊಸದಾಗಿ ಬರೆದು ಮಂಗಳವಾರ ಕೊಟ್ಟೆ. ಸಿದ್ಧವಾದ ದಿನವೆಂದು ಮಾತ್ರ ಸೋಮವಾರದ ತಾರೀಖು ಹಾಕಿದೆ. ನನ್ನ ಹೆಸರಿನಲ್ಲಿ ಅದುವರೆಗೆ ಒಂದು ತಡವೂ ದಾಖಲಾಗಿರಲಿಲ್ಲ. ಆಕೆ ಮಂಗಳವಾರದಿಂದ ಎಣಿಸಿದಳು, ನ್ಯಾಯಾಲಯ ಸೋಮವಾರದಿಂದ; ಆ ಒಂದು ದಿನಕ್ಕೇ ಆಕೆಯ ಮೇಲ್ಮನವಿ ಬಿದ್ದುಹೋಯಿತು.

ಗಡುವು ಬೇಕೆಂಬ ನಿನ್ನ ವಾದವನ್ನು ನಾನು ಅಲ್ಲಗಳೆಯುವುದಿಲ್ಲ; ಅದಿಲ್ಲದಿದ್ದರೆ ಯಾವ ವ್ಯಾಜ್ಯವೂ ಮುಗಿಯದು. ಆದರೆ ತಡವಾದ ದಿನ ಯಾರ ಕೈಯಲ್ಲಿತ್ತೆಂದು ಕೇಳದೆ ತೀರ್ಪು ಬರೆಯಬಾರದು, ವಿಮರ್ಶೆಯನ್ನೂ ಬರೆಯಬಾರದು. ಆ ತೀರ್ಪು ಈಗ ಇನ್ನೊಬ್ಬರ ತಲೆಯ ಮೇಲೆ ಬಿದ್ದಿದೆ. ಸುಮ್ಮನಿದ್ದರೆ ಮುಂದೆಯೂ ಬೀಳಲಿದೆ.

ನಿನ್ನ ಅಮ್ಮನಿಗೆ ಎಲ್ಲವನ್ನೂ ಹೇಳಿ, “ಮಗಳ ಅಂಕಣದ ಮರ್ಯಾದೆ ಹೋಗತ್ತಲ್ಲೇ” ಎಂದೆ. “ಅವಳನ್ನ ಯಾಕೆ ಅಡ್ಡ ಇಟ್ಕೋತೀರಿ? ನಿಮ್ಮ ಮರ್ಯಾದೆ ಅಂತ ನೆಟ್ಟಗೆ ಹೇಳಿ” ಎಂದಳು. ಹತ್ತು ದಿನ ಹೋದದ್ದು ಆ ಮಾತನ್ನು ಒಪ್ಪಿಕೊಳ್ಳಲು.

ಆದಕಾರಣ ಪ್ರಾರ್ಥನೆ: ಅಡಕದಲ್ಲಿರುವ ಹೇಳಿಕೆಯನ್ನು ಮುಂದಿನ ಅಂಕಣದಲ್ಲಿ ನನ್ನ ಹೆಸರಿನೊಡನೆ ಪ್ರಕಟಿಸುವುದು. ‘ನಿವೃತ್ತ ನೌಕರರೊಬ್ಬರು’ ಎಂದು ಮರೆಮಾಡಕೂಡದು. ನಿನ್ನ ತಂದೆಯೆಂಬುದನ್ನೂ ಬರೆ.

ನಿನ್ನ ಬರಹಕ್ಕೆ ಆಯಸ್ಸು ಹೆಚ್ಚಲಿ, ನಿನಗೂ.

ಸಹಿಗೆ ಮುನ್ನ ಒಂದು ಸೇರಿಕೆ: ಮೇಲ್ಮನವಿ ಬಿದ್ದ ವಾರ ಆಕೆ ಮತ್ತೆ ನನ್ನ ಮೇಜಿಗೆ ಬಂದಳು. ಬೈಸಿಕೊಳ್ಳಲು ಸಿದ್ಧನಾದೆ. ಕೊನೆಯ ಪುಟ ತೋರಿಸಿ, “ಮಂಗಳವಾರ ಇಸ್ಕೊಂಡೆ ಅಂತ ಎಲ್ಲರ ಹತ್ರ ಜಗಳ ಆಡ್ಬಿಟ್ಟೆ ಸ್ವಾಮಿ. ಇಷ್ಟು ಮುತ್ತಿನಂಥ ಅಕ್ಷರದಲ್ಲಿ ಸೋಮವಾರದ ತಾರೀಖೇ ಇದೆಯಲ್ಲ. ನಂಗೇ ಮರೆವು ಇರಬೇಕು, ಅಲ್ವಾ?” ಎಂದು ಕೇಳಿದಳು.

ನಾನು, “ಇರಬೇಕಮ್ಮ” ಎಂದೆ.

ಇಂತು ನಿನ್ನ ತಂದೆ
(ಸಹಿ)

ಅಡಕ: ನೋಟರಿಯ ಮುಂದೆ ಪ್ರಮಾಣ ಮಾಡಿದ ಹೇಳಿಕೆ, ಒಂದು ಪುಟ.